ಸ್ಟಾರ್ಟ್ ಲಿಸ್ಟ್ ಮಾಡೋಕೆ ಚೀಟಿ ಎತ್ತಿದರೆ ಸಾಕಾ?

ಮೊದಲನೇ ಸಲ

ಎಲ್ಲರಿಗೂ ನಮಸ್ಕಾರ. ಓರಿಯೆಂಟೀರಿಂಗ್ (ನಕ್ಷೆ, ದಿಕ್ಸೂಚಿ ಹಿಡಿದು ಗುರುತಿನ ಜಾಗಗಳನ್ನು ಹುಡುಕುತ್ತಾ ಓಡೋ ಆಟ) ಓಡಿ ಅಭ್ಯಾಸ ಇದೆ, ನಡೆಸಿ ಗೊತ್ತಿಲ್ಲ. ಈ ಸಲ ಕ್ಲಬ್‌ನವರು ಸ್ಟಾರ್ಟ್ ಲಿಸ್ಟ್, ಅಂದ್ರೆ ಯಾರು ಎಷ್ಟು ಗಂಟೆಗೆ ಹೊರಡಬೇಕು ಅನ್ನೋ ಪಟ್ಟಿಯ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. "ಏನಿಲ್ಲ, ಕಂಪ್ಯೂಟರೇ ಮಾಡುತ್ತೆ" ಅಂದರು.

ಕಾಡಿನ ಓಟ. 6 ಕೋರ್ಸ್, ಒಟ್ಟು 140 ಹೆಸರು ಬಂದಿವೆ. ಉದ್ದದ ಕೋರ್ಸ್ 9 ಕಿಲೋಮೀಟರ್, ಅದೊಂದರಲ್ಲೇ 46 ಜನ. ಇಬ್ಬರ ನಡುವೆ 2 ನಿಮಿಷ ಅಂತರ ಇಟ್ಟಿದ್ದೇನೆ. 46 ಜನರ ನಡುವೆ 45 ಅಂತರ, ಅಂದ್ರೆ 90 ನಿಮಿಷ. 10 ಗಂಟೆಗೆ ಶುರು ಮಾಡಿದರೆ ಕೊನೆಯವರು 11:30ಕ್ಕೆ ಹೊರಡುತ್ತಾರೆ. ಇಲ್ಲಿಯವರೆಗೆ ಸರಿ.

ಎಕ್ಸೆಲ್‌ನಲ್ಲಿ ಹೆಸರುಗಳನ್ನು ಕಲಸಿ ಪಟ್ಟಿ ತೆಗೆದೆ. ನೋಡಿದರೆ ನಮ್ಮದೇ ಕ್ಲಬ್‌ನ ಐದು ಜನ ಸಾಲಾಗಿ ಬಂದು ಕೂತಿದ್ದಾರೆ! ಆ 46ರಲ್ಲಿ 19 ಜನ ನಮ್ಮವರೇ ಅನ್ನೋದೂ ನಿಜ. ಪಟ್ಟಿ ಹಾಕಿ ಅರ್ಧ ಗಂಟೆ ಆಗಿರಲಿಲ್ಲ, "ನಿಮ್ಮವರಿಗೆ ಬೇಕಾದ ಹಾಗೆ ಮಾಡಿಕೊಂಡಿದ್ದೀರಿ, ಕೊನೆಯ ಜಾಗವೂ ನಿಮ್ಮದೇ" ಅಂತ ಎರಡು ಮೆಸೇಜ್ ಬಂತು. ನಾನು ನಿಜಕ್ಕೂ ಏನೂ ಮಾಡಿಲ್ಲ. ಪಟ್ಟಿ ವಾಪಸ್ ತೆಗೆದಿದ್ದೇನೆ. ಇದನ್ನು ನೀವೆಲ್ಲ ಹೇಗೆ ಮಾಡುತ್ತೀರಿ?

ಹಳೆ ದಿಕ್ಸೂಚಿ

ಮೊದಲು ಸಮಾಧಾನ ಮಾಡಿಕೊಳ್ಳಿ. ಸ್ಟಾರ್ಟ್ ಲಿಸ್ಟ್ ಮಾಡಿದವರಿಗೆ ಬೈಗುಳ ಗ್ಯಾರಂಟಿ, ಅದೂ ಕೆಲಸದ ಒಂದು ಭಾಗ.

ಚೀಟಿ ಎತ್ತುವುದು ತಪ್ಪಲ್ಲ, ಆದರೆ ಅಷ್ಟಕ್ಕೇ ನಿಲ್ಲಿಸಬಾರದು. ಅಂತಾರಾಷ್ಟ್ರೀಯ ಫೆಡರೇಶನ್‌ನ ನಿಯಮದಲ್ಲೇ ಇದೆ, ಒಂದೇ ದೇಶದ ಇಬ್ಬರು ಒಬ್ಬರ ಹಿಂದೆ ಒಬ್ಬರು ಹೊರಡುವಂತಿಲ್ಲ. ಹಾಗೆ ಬಂದರೆ ಅವರ ನಂತರ ಹೊರಡುವ ಮುಂದಿನವರನ್ನು ತಂದು ಇಬ್ಬರ ನಡುವೆ ಸೇರಿಸಬೇಕು. ಪಟ್ಟಿಯ ಕೊನೆಯಲ್ಲಿ ಹೀಗಾದರೆ, ಅವರಿಗಿಂತ ಮೊದಲು ಹೊರಡುವವರನ್ನು ತಂದು ಸೇರಿಸಬೇಕು. ನಮ್ಮಂಥ ಸಣ್ಣ ಓಟಗಳಲ್ಲಿ ದೇಶ ಅನ್ನೋ ಕಡೆ ಕ್ಲಬ್ ಅಂತ ಓದಿಕೊಳ್ಳಿ, ಅಷ್ಟೇ.

ಯಾಕೆ ಅಂತ ನಿಮಗೆ ಗೊತ್ತೇ ಇದೆ. ಒಂದೇ ಕ್ಲಬ್‌ನ ಇಬ್ಬರು 2 ನಿಮಿಷದ ಅಂತರದಲ್ಲಿ ಹೋದರೆ, ಮೂರನೇ ಕಂಟ್ರೋಲ್‌ನಲ್ಲಿ (ಕಾಡಿನಲ್ಲಿ ನಿಶಾನೆ ಇಟ್ಟ, ಹುಡುಕಬೇಕಾದ ಜಾಗ) ಒಬ್ಬ ತಡವರಿಸಿದ ಅಂದ್ರೆ ಇನ್ನೊಬ್ಬ ಸಿಗುತ್ತಾನೆ, ಆಮೇಲೆ ಇಬ್ಬರೂ ಜೊತೆಯಾಗಿ ಫಿನಿಶ್ ತನಕ. ಬೇಕಂತಲೇ ಮಾಡಿದ್ದಲ್ಲ ಅಂದರೂ ಯಾರು ನಂಬುತ್ತಾರೆ?

ಮೊದಲನೇ ಸಲ

ಸರ್, ಮುಂದಿನವರನ್ನು ತಂದು ಸೇರಿಸಿ ನೋಡಿದೆ. 46ರಲ್ಲಿ 19 ಜನ ಒಂದೇ ಕ್ಲಬ್ ಆದಾಗ ಒಂದನ್ನು ಸರಿ ಮಾಡಿದರೆ ಇನ್ನೊಂದು ಕಡೆ ಅಂಟಿಕೊಳ್ಳುತ್ತದೆ. ಕೈಯಲ್ಲಿ ಜಾಸ್ತಿ ತಿದ್ದಿದರೆ "ನೀವೇ ಬೇಕಾದಲ್ಲಿ ಕೂರಿಸಿದ್ದೀರಿ" ಅನ್ನುವ ಮಾತು ಮತ್ತೆ ಬರುತ್ತದೆ. ಸರಿಯಾಗೋ ತನಕ ಎಕ್ಸೆಲ್‌ನಲ್ಲಿ ಕಲಸುತ್ತಲೇ ಇದ್ದರೆ ಆಗಲ್ವಾ?

ಲೆಕ್ಕದ ಪುಸ್ತಕ

ಆಗಲ್ಲ, ಮದುವೆ ವಯಸ್ಸಿನ ಮೊಮ್ಮಕ್ಕಳು ಬರೋ ತನಕ ಕಲಸುತ್ತಾ ಕೂತಿರುತ್ತೀರಿ. ಲೆಕ್ಕ ಹಾಕಿದೆ. 46 ಜಾಗದಲ್ಲಿ 19 ಜನರನ್ನು ಸುಮ್ನೆ ಕಲಸಿದರೆ, ಯಾವ ಇಬ್ಬರೂ ಪಕ್ಕಪಕ್ಕ ಬರದೇ ಇರೋದು ಸುಮಾರು ಆರು ಲಕ್ಷ ಸಲಕ್ಕೆ ಒಮ್ಮೆ. ಐದು ಜನ ಸಾಲಾಗಿ ಬಂದಿದ್ದರಲ್ಲಿ ಮೋಸವೇನೂ ಇಲ್ಲ, ಕಲಸಿದಾಗ ಹಾಗೂ ಆಗುತ್ತದೆ.

ಉಲ್ಟಾ ಮಾಡಿ. ಮೊದಲು ಬೇರೆ ಕ್ಲಬ್‌ಗಳ 27 ಜನರನ್ನು ಚೀಟಿ ಎತ್ತಿ ಸಾಲಾಗಿ ನಿಲ್ಲಿಸಿ. ಈಗ ಅವರ ನಡುವೆ 26 ಸಂದು, ಮುಂದೊಂದು ಹಿಂದೊಂದು, ಒಟ್ಟು 28 ಸಂದು. ಅದರಲ್ಲಿ 19 ಸಂದನ್ನು ಚೀಟಿಯಲ್ಲೇ ಆರಿಸಿ. ನಿಮ್ಮ 19 ಜನರ ಹೆಸರನ್ನು ಕಲಸಿ ಒಂದೊಂದು ಸಂದಿಗೆ ಒಬ್ಬರಂತೆ ತೂರಿಸಿ. ಮುಗಿಯಿತು. ಯಾರೂ ಅಂಟುವುದಿಲ್ಲ, ಕೈ ಹಾಕಿ ತಿದ್ದುವ ಕೆಲಸವೂ ಇಲ್ಲ. ಆ 27 ಜನರಲ್ಲಿ ಒಂದೇ ಕ್ಲಬ್‌ನ ಇಬ್ಬರು ಇನ್ನೂ ಜೊತೆಗೇ ಉಳಿದಿದ್ದರೆ, ಅವರಿಗೆ ಹಳೆ ದಿಕ್ಸೂಚಿಯವರು ಹೇಳಿದ ಉಪಾಯ ಸಾಕು.

ಒಂದು ಮಿತಿ ಇದೆ. 46 ಜಾಗದಲ್ಲಿ ಒಂದೇ ಕ್ಲಬ್‌ನ 23 ಜನರ ತನಕ ಬಿಡಿಬಿಡಿಯಾಗಿ ಕೂರಿಸಬಹುದು. 24ನೆಯವರು ಬಂದರೆ ಬ್ರಹ್ಮ ಬಂದರೂ ಆಗಲ್ಲ, ಖಾಲಿ ಜಾಗ ಸೇರಿಸಲೇಬೇಕು.

ಬೆವರು

ಇಷ್ಟೆಲ್ಲ ಯಾಕೆ ಅಂತ ನನಗೆ ಅರ್ಥ ಆಗುತ್ತಿಲ್ಲ. ಸ್ಟಾರ್ಟ್‌ನಲ್ಲಿ ಪಂಚಿಂಗ್ ಸ್ಟೇಷನ್ ಇಡಿ, 10ರಿಂದ 12ರ ಒಳಗೆ ಯಾವಾಗ ಬೇಕಾದರೂ ಹೋಗಿ ಅನ್ನಿ. ಓಟಗಾರರ ಕೈಯಲ್ಲಿರೋ ಎಲೆಕ್ಟ್ರಾನಿಕ್ ಚಿಪ್ ಅದಕ್ಕೆ ಒತ್ತಿದ ಕ್ಷಣದಿಂದ ಟೈಮ್ ಶುರು. ಲಿಸ್ಟೂ ಬೇಡ, ಜಗಳವೂ ಬೇಡ.

ಹಳೆ ದಿಕ್ಸೂಚಿ

ಭಾನುವಾರದ ಅಭ್ಯಾಸಕ್ಕೆ ಅದೇ ಸರಿ. ನಾವೂ ಹಾಗೇ ಮಾಡುತ್ತೇವೆ. ಆದರೆ ಪಾಯಿಂಟ್ಸ್ ಇರುವ ಓಟದಲ್ಲಿ ಏನಾಗುತ್ತದೆ ಗೊತ್ತಾ? ಯಾರು ಚೆನ್ನಾಗಿ ನಕ್ಷೆ ಓದುತ್ತಾರೋ ಅವರು ಹೊರಡುವುದನ್ನೇ ಕಾದು ಮೂವರು ಬೆನ್ನ ಹಿಂದೆ ನಿಂತಿರುತ್ತಾರೆ. ಇನ್ನು ಕೆಲವರು ಮೊದಲು ಹೋದ ಗೆಳೆಯ ವಾಪಸ್ ಬಂದು "ಐದನೇ ಕಂಟ್ರೋಲ್ ಗುಂಡಿಯ ಒಳಗಿದೆ, ಮೇಲಿಂದ ಕಾಣಲ್ಲ" ಅಂತ ಹೇಳೋ ತನಕ ಶೂ ಲೇಸ್ ಕಟ್ಟುತ್ತಲೇ ಇರುತ್ತಾರೆ. ಪಟ್ಟಿ ಇದ್ದರೆ ಈ ಎರಡಕ್ಕೂ ಸ್ವಲ್ಪ ತಡೆ.

ಬೆವರು

ಶೂ ಲೇಸ್ ಕಟ್ಟುತ್ತಿದ್ದವನು ನಾನೇ ಇರಬಹುದು. ಬಿಡಿ.

ಗಡಿಯಾರದ ಮುಳ್ಳು

ಎಲ್ಲರೂ ಕ್ಲಬ್ ಕ್ಲಬ್ ಅನ್ನುತ್ತಿದ್ದೀರಿ. ನನ್ನ ಪ್ರಕಾರ ನಿಜವಾದ ಅನ್ಯಾಯ ಅಲ್ಲಿಲ್ಲ, ವೇಗದಲ್ಲಿದೆ.

46 ಜನರಲ್ಲಿ ಅತಿ ವೇಗದವರು ಕಿಲೋಮೀಟರಿಗೆ 6 ನಿಮಿಷ, ಅತಿ ನಿಧಾನದವರು 9 ನಿಮಿಷ 45 ಸೆಕೆಂಡ್ ಅಂತ ಇಟ್ಟುಕೊಳ್ಳಿ. ಕಾಡಿನಲ್ಲಿ ಇದು ದೊಡ್ಡ ವ್ಯತ್ಯಾಸವೇ ಅಲ್ಲ. ಸುಮ್ನೆ ಚೀಟಿ ಎತ್ತಿದಾಗ ಆ ನಿಧಾನದವರ ಹಿಂದೆಯೇ ಈ ವೇಗದವರು ಬಂದರು ಅನ್ನಿ. ಕಿಲೋಮೀಟರಿಗೆ 225 ಸೆಕೆಂಡ್ ವ್ಯತ್ಯಾಸ, ಇರುವ ಅಂತರ 120 ಸೆಕೆಂಡ್. ಅರ್ಧ ಕಿಲೋಮೀಟರ್ ದಾಟುವಷ್ಟರಲ್ಲಿ ಹಿಡಿದುಬಿಡುತ್ತಾರೆ! ಅಲ್ಲಿಂದ ಮುಂದೆ ನಿಧಾನದವರು ದಿಕ್ಸೂಚಿ ಜೇಬಿಗೆ ಹಾಕಿ, ಉಸಿರು ಇರೋ ತನಕ ಅವರ ಬೆನ್ನು ನೋಡಿಕೊಂಡು ಓಡಬಹುದು. ನಿಯಮದ ಪ್ರಕಾರ ಲಾಭಕ್ಕಾಗಿ ಇನ್ನೊಬ್ಬರ ಹಿಂದೆ ಹೋಗುವಂತಿಲ್ಲ. ಆದರೆ ಕಾಡಿನೊಳಗೆ ಅದನ್ನು ನೋಡೋಕೆ ಯಾರಿದ್ದಾರೆ, ಮರಗಳೇ ಸಾಕ್ಷಿ ಹೇಳಬೇಕು.

ಈಗ ನಿಧಾನದವರು ಮೊದಲು, ವೇಗದವರು ಕೊನೆಗೆ ಅಂತ ಸಾಲು ಮಾಡಿ. ಒಬ್ಬರಿಗಿಂತ ಅವರ ಹಿಂದಿನವರು ಕಿಲೋಮೀಟರಿಗೆ 5 ಸೆಕೆಂಡ್ ಮಾತ್ರ ಚುರುಕು. 9 ಕಿಲೋಮೀಟರ್ ಓಡಿದ ಮೇಲೆ 45 ಸೆಕೆಂಡ್ ಕಡಿಮೆಯಾಗಿ ಇನ್ನೂ 75 ಸೆಕೆಂಡ್ ಅಂತರ ಉಳಿದಿರುತ್ತದೆ. ಹತ್ತು ಜಾಗ ಮುಂದೆ ಇರುವವರನ್ನು ತೆಗೆದುಕೊಂಡರೂ ಲೆಕ್ಕ ಅದೇ, ಅಂತರ 20 ನಿಮಿಷ, ಕಡಿಮೆಯಾಗೋದು ಏಳೂವರೆ ನಿಮಿಷ. ಯಾರೂ ದಾರಿ ತಪ್ಪದೇ ಇದ್ದರೆ ಯಾರೂ ಯಾರಿಗೂ ಸಿಗುವುದೇ ಇಲ್ಲ. ತಪ್ಪುತ್ತಾರೆ, ಅದು ಬೇರೆ ಮಾತು.

ವಿಶ್ವ ಚಾಂಪಿಯನ್‌ಷಿಪ್‌ನ ಲಾಂಗ್ ಓಟದಲ್ಲಿ ಮೇಲಿನ ರ‍್ಯಾಂಕ್‌ನವರು ಕೊನೆಗೆ ಹೊರಡೋದು ಟಿವಿಯವರಿಗಾಗಿ ಅಂತ ಕೆಲವರು ಹೇಳುತ್ತಾರೆ. ಅದೂ ಇದೆ. ಆದರೆ ಈ ಲೆಕ್ಕವೂ ಇದೆ.

ಎರಡು ಮಕ್ಕಳ ತಾಯಿ

ವೇಗದವರು ಮೊದಲು ಹೊರಟರೆ ಒಬ್ಬರೂ ಒಬ್ಬರನ್ನೂ ಹಿಡಿಯೋ ಪ್ರಶ್ನೆಯೇ ಇಲ್ಲ ಅಲ್ವಾ? ಅಂತರ ಬೆಳೆಯುತ್ತಲೇ ಹೋಗುತ್ತದೆ. ಅದನ್ನು ಯಾಕೆ ಮಾಡಲ್ಲ?

ಗಡಿಯಾರದ ಮುಳ್ಳು

ಒಳ್ಳೆ ಪ್ರಶ್ನೆ ಮೇಡಂ. ನ್ಯಾಯಕ್ಕೆ ಅದೇ ಸರಿ. ಆದರೆ ನಿಧಾನದವರು 11:30ಕ್ಕೆ ಹೊರಟು 88 ನಿಮಿಷ ಓಡಿ ಬರುವಾಗ ಒಂದು ಗಂಟೆ. ಉಲ್ಟಾ ಆದರೆ ಕೊನೆಯವರು 12:24ಕ್ಕೇ ಬಂದುಬಿಡುತ್ತಾರೆ. ಅರ್ಧ ಗಂಟೆಗೂ ಜಾಸ್ತಿ ವ್ಯತ್ಯಾಸ. ಓಟ ಮುಗಿದ ಮೇಲೆ ಕಂಟ್ರೋಲ್‌ಗಳ ನಿಶಾನೆ ವಾಪಸ್ ತರೋಕೆ ಹೋಗುವವರನ್ನು ಕೇಳಿ, ಅವರಿಗೆ ಅರ್ಧ ಗಂಟೆ ಎಷ್ಟು ದೊಡ್ಡದು ಅಂತ. ದಾರಿ ತಪ್ಪಿ ಎರಡು ಗಂಟೆ ತಿರುಗುವವರೂ ಸಾಮಾನ್ಯವಾಗಿ ನಿಧಾನದ ಗುಂಪಿನಲ್ಲೇ ಇರುತ್ತಾರೆ, ಅವರು ಬೇಗ ಹೊರಟಷ್ಟೂ ನಮಗೆ ನೆಮ್ಮದಿ.

ಮುಳ್ಳುಪೊದೆ

ನಾನು ಒಪ್ಪಲ್ಲ. ನಾನು ಆ ನಿಧಾನದವರಲ್ಲಿ ಒಬ್ಬ, ಅದಕ್ಕೇ ಹೇಳುತ್ತಿದ್ದೇನೆ. ಪ್ರತಿ ಸಲ ಮೊದಲು ಕಳಿಸುತ್ತೀರಿ. ಎದೆಮಟ್ಟದ ಹುಲ್ಲು, ಇಬ್ಬನಿ, ಜೇಡರ ಬಲೆ ಎಲ್ಲ ನಮ್ಮ ಮುಖಕ್ಕೆ. ನಲವತ್ತು ಜನ ತುಳಿದ ಮೇಲೆ ಕೊನೆಯವರಿಗೆ ಕಂಟ್ರೋಲ್‌ನಿಂದ ಕಂಟ್ರೋಲ್‌ಗೆ ಕಾಲುದಾರಿಯೇ ಬಿದ್ದಿರುತ್ತದೆ. ವೇಗದವರಿಗೆ ಇನ್ನೂ ವೇಗದ ನೆಲ! ಚೀಟಿ ಎತ್ತಿದರೆ ಒಂದು ಸಲವಾದರೂ ನನಗೂ ಕೊನೆಯ ಜಾಗ ಸಿಗುತ್ತದೆ ಅನ್ನೋ ಆಸೆ ಇರುತ್ತದೆ.

ಇನ್ನೊಂದು. ನಮ್ಮಂಥ ಓಟಗಳಲ್ಲಿ ರ‍್ಯಾಂಕ್ ಎಲ್ಲಿದೆ? ಯಾರು ವೇಗ ಅಂತ ಸಂಘಟಕರು ಕಣ್ಣಂದಾಜಿನಲ್ಲಿ ಹೇಳಿದರೆ ಅದೂ ಪಕ್ಷಪಾತವೇ.

ಹಳೆ ದಿಕ್ಸೂಚಿ

ಮುಳ್ಳುಪೊದೆಯವರ ಮಾತಲ್ಲಿ ಹುರುಳಿದೆ. ನಡುದಾರಿ ಹೇಳುತ್ತೇನೆ. ಹಿಂದಿನ ಓಟಗಳ ಫಲಿತಾಂಶ ನೋಡಿ ಮೂರು ಗುಂಪು ಮಾಡಿ, 15, 16, 15. ನಿಧಾನದ ಗುಂಪು ಮೊದಲು. ಗುಂಪಿನೊಳಗೆ ಚೀಟಿ. ಯಾರ ಹಳೆಯ ಫಲಿತಾಂಶವೂ ಸಿಗದಿದ್ದರೆ ಅವರು ನಡುವಿನ ಗುಂಪು, ಚರ್ಚೆ ಇಲ್ಲ.

ಗಡಿಯಾರದ ಮುಳ್ಳು

ಆಗಬಹುದು. ಆದರೆ ಗುಂಪು ಬದಲಾಗುವ ಜಾಗದಲ್ಲಿ ಹುಷಾರು. ನಿಧಾನದ ಗುಂಪಿನ ಕೊನೆಗೆ ಎಲ್ಲರಿಗಿಂತ ನಿಧಾನದವರು, ಅವರ ಹಿಂದೆಯೇ ನಡುವಿನ ಗುಂಪಿನ ಚುರುಕಾದವರು ಬಂದರೆ ಒಂದು ಕಿಲೋಮೀಟರ್ ಒಳಗೇ ಹಿಡಿಯುತ್ತಾರೆ. ಅಲ್ಲಿ ಎರಡು ಜಾಗ ಖಾಲಿ ಬಿಡಿ. 2 ನಿಮಿಷದ ಕಡೆ 6 ನಿಮಿಷ ಆಗುತ್ತದೆ. ಎರಡು ಕಡೆ ಸೇರಿ ನಾಲ್ಕು ಖಾಲಿ ಜಾಗ, ಕೊನೆಯವರು 11:38ಕ್ಕೆ ಹೊರಡುತ್ತಾರೆ. ತಡವಾಗಿ ಹೆಸರು ಕೊಟ್ಟವರು ಗೋಗರೆದರೂ ಆ ನಾಲ್ಕನ್ನು ಕೊಡಬೇಡಿ. ಅವರಿಗೆ ಬೇರೆ ಖಾಲಿ ಜಾಗ ಇಟ್ಟುಕೊಳ್ಳಿ, ಅದನ್ನೂ ಚೀಟಿಯಲ್ಲೇ ಸೇರಿಸಿ. ಎಲ್ಲ ಖಾಲಿ ಜಾಗ ಕೊನೆಗೆ ಇಟ್ಟರೆ ತಡವಾಗಿ ಬಂದವರಿಗೇ ತುಳಿದ ದಾರಿ ಸಿಗುತ್ತದೆ. ಇದೆಂಥ ನ್ಯಾಯ.

ಎರಡು ಮಕ್ಕಳ ತಾಯಿ

ನನ್ನದೊಂದು ಬೇಡಿಕೆ ಇದೆ, ಯಾರೂ ನಗಬೇಡಿ. ನಾವಿಬ್ಬರೂ ಓಡುತ್ತೇವೆ, ಮಕ್ಕಳು ಚಿಕ್ಕವರು. ಒಬ್ಬರು ಬಂದ ಮೇಲೆ ಇನ್ನೊಬ್ಬರು ಹೋಗಬೇಕು. ಹಿಂದೆ ಒಂದು ಓಟದಲ್ಲಿ ಕೇಳಿದ್ದಕ್ಕೆ "ಆಯ್ತು ಮೇಡಂ" ಅಂತ ನಮ್ಮಿಬ್ಬರ ನಡುವೆ 60 ನಿಮಿಷ ಬಿಟ್ಟರು. ನನಗೆ ಓಡೋಕೇ 75 ನಿಮಿಷ ಬೇಕು! ಫಿನಿಶ್ ಆಗಿ, ಚಿಪ್ ಓದಿಸಿ, ನಾನು ಮಕ್ಕಳ ಹತ್ತಿರ ಬಂದು, ಆಮೇಲೆ ಅವರು ಸ್ಟಾರ್ಟ್‌ಗೆ 15 ನಿಮಿಷ ನಡೆದು ಹೋಗಬೇಕು. ಕೊನೆಗೆ ಅವರು ಓಡಲೇ ಇಲ್ಲ. ಕೇಳಿದವರಿಗೆ ಕಡಿಮೆ ಅಂದರೂ 110 ನಿಮಿಷ ಬಿಡಿ. ಹೆಸರು ಕೊಡುವಾಗಲೇ "ಬೇಗ ಬೇಕಾ, ತಡವಾಗಿ ಬೇಕಾ" ಅಂತ ಒಂದು ಪ್ರಶ್ನೆ ಇಟ್ಟರೆ ಅರ್ಧ ಕೆಲಸ ಮುಗಿಯುತ್ತದೆ.

ಕೋರ್ಸ್ ಹಾಕುವವ

ಪಟ್ಟಿ ಮಾಡುವವರು ನನ್ನಂಥವರ ಜೊತೆ ಮಾತೇ ಆಡಲ್ಲ, ಅದು ನನ್ನ ದೂರು. ಆ 6 ಕೋರ್ಸ್‌ಗಳಲ್ಲಿ ಮೊದಲ ಕಂಟ್ರೋಲ್ ಎಷ್ಟಕ್ಕೆ ಒಂದೇ ಇದೆ ಅಂತ ನೋಡಿದ್ದೀರಾ? ಎಂ21 (ಗಂಡಸರ ವಿಭಾಗ) ಮತ್ತು ಡಬ್ಲ್ಯೂ21 (ಹೆಂಗಸರ ವಿಭಾಗ) ಬೇರೆ ಬೇರೆ ಕೋರ್ಸ್ ಆದರೂ ಇಬ್ಬರೂ ಮೊದಲು ಅದೇ ಬಂಡೆಯ ಹತ್ತಿರ ಹೋಗುವುದಾದರೆ, ಒಂದೇ ನಿಮಿಷಕ್ಕೆ ಇಬ್ಬರನ್ನೂ ಬಿಟ್ಟರೆ ನಿಮ್ಮ ಅಂತರ, ಚೀಟಿ, ಗುಂಪು ಎಲ್ಲ ನೀರಲ್ಲಿ ಹೋಮ. ಒಂದು ಕೋರ್ಸ್ ಸಮ ನಿಮಿಷಕ್ಕೆ, ಇನ್ನೊಂದು ಬೆಸ ನಿಮಿಷಕ್ಕೆ ಇಡಿ. ಮೂರು ಕೋರ್ಸ್‌ಗೆ ಒಂದೇ ಮೊದಲ ಕಂಟ್ರೋಲ್ ಇದ್ದರೆ ಪಟ್ಟಿಯಲ್ಲಿ ಸರಿ ಮಾಡೋಕೆ ಹೋಗಬೇಡಿ, ನಕ್ಷೆ ಪ್ರಿಂಟ್ ಆಗುವ ಮೊದಲು ನನ್ನಂಥವನಿಗೆ ಫೋನ್ ಮಾಡಿ.

ಮಿಓಎಸ್ ಥರದ ಸಾಫ್ಟ್‌ವೇರ್ ಈ ಮೊದಲ ಕಂಟ್ರೋಲ್ ವಿಷಯ ತಾನೇ ನೋಡಿಕೊಳ್ಳುತ್ತದೆ, ಆದರೆ ಕೋರ್ಸ್‌ಗಳನ್ನು ಮೊದಲು ಅದಕ್ಕೆ ತುಂಬಿರಬೇಕು. ಹೆಸರು ಮಾತ್ರ ತುಂಬಿ ಡ್ರಾ ಒತ್ತಿದರೆ ಅದಾದರೂ ಏನು ಮಾಡುತ್ತೆ ಪಾಪ.

ಬೆವರು

ಸ್ಟಾರ್ಟ್‌ಗೆ ತಡವಾಗಿ ಬಂದವರ ಕಥೆ ಏನು? ಒಂದು ಓಟಕ್ಕೆ ನಾನು 4 ನಿಮಿಷ ತಡವಾಗಿ ಹೋದೆ. ಓಡೋಕೆ ಬಿಟ್ಟರು, ಆದರೆ ಟೈಮ್ ಮಾತ್ರ ಪಟ್ಟಿಯಲ್ಲಿ ಇದ್ದದ್ದರಿಂದಲೇ ಹಿಡಿದರು. ಮೂರು ನಿಮಿಷದಲ್ಲಿ ಗೆಲುವು ಹೋಯಿತು.

ಹಳೆ ದಿಕ್ಸೂಚಿ

ಸರಿಯಾಗೇ ಮಾಡಿದ್ದಾರೆ. ನಿಮ್ಮ ತಪ್ಪಾದರೆ ಓಡೋಕೆ ಬಿಡಬೇಕು, ಯಾವ ನಿಮಿಷಕ್ಕೆ ಅಂತ ಸ್ಟಾರ್ಟ್‌ನವರು ಹೇಳುತ್ತಾರೆ, ಟೈಮ್ ಮಾತ್ರ ಹಳೆಯದೇ. ಸಂಘಟಕರ ತಪ್ಪಾದರೆ ಹೊಸ ಸ್ಟಾರ್ಟ್ ಟೈಮ್ ಕೊಡಬೇಕು.

ಸಂಘಟಕರ ತಪ್ಪು ಹೇಗಿರುತ್ತದೆ ಅಂದ್ರೆ, ಒಮ್ಮೆ ನಮ್ಮದೇ ಓಟದಲ್ಲಿ ಸ್ಟಾರ್ಟ್‌ನ ಗಡಿಯಾರ ಫಿನಿಶ್ ಸ್ಟೇಷನ್‌ಗಿಂತ ಒಂದು ನಿಮಿಷ ಹಿಂದೆ ಇತ್ತು. ಎಲ್ಲರೂ ಒಂದು ನಿಮಿಷ ತಡವಾಗಿ ಹೊರಟರು, ಪಟ್ಟಿಯ ಟೈಮ್‌ನಿಂದ ಲೆಕ್ಕ ಹಾಕಿದೆವು, ಎಲ್ಲರಿಗೂ ಒಂದು ನಿಮಿಷ ಜಾಸ್ತಿ. ಎಲ್ಲರಿಗೂ ಒಂದೇ ಅಲ್ವಾ ಅಂತ ಸುಮ್ಮನಿದ್ದೆವು. ಆದರೆ ನಡುವೆ ಯಾರೋ ಪುಣ್ಯಾತ್ಮರು ಗಡಿಯಾರ ಸರಿ ಮಾಡಿಬಿಟ್ಟಿದ್ದರು, ಯಾರಿಗೂ ಹೇಳದೆ. ಯಾವ ಓಟಗಾರರಿಂದ ಮುಂದೆ ಸರಿ ಅಂತ ಪತ್ತೆ ಹಚ್ಚೋಕೆ ಸಂಜೆ ಆಯಿತು. ಬೆಳಿಗ್ಗೆ ಮೊದಲ ಕೆಲಸ ಗಡಿಯಾರ ಹೊಂದಿಸೋದು, ಆಮೇಲೆ ಬೇರೆ ಎಲ್ಲ.

ಮೊದಲನೇ ಸಲ

ಎಲ್ಲ ಓದಿದೆ, ಹೇಳಿದ ಹಾಗೇ ಮಾಡಿದೆ. ಮೂರು ಗುಂಪು ಆಯಿತು. ಈಗ ಹೊಸ ತಲೆನೋವು. ವೇಗದ ಗುಂಪಿನ 15 ಜನರಲ್ಲಿ 8 ಜನ ನಮ್ಮವರು. ಲೆಕ್ಕದ ಪುಸ್ತಕದವರ ಸಂದಿನ ಉಪಾಯ ಹಾಕಿದೆ. ಬೇರೆಯವರು 7, ಸಂದು 8, ನಮ್ಮವರು 8. ಅಂದ್ರೆ ಎಲ್ಲ ಸಂದೂ ತುಂಬಲೇಬೇಕು. ಚೀಟಿ ಎಷ್ಟು ಸಲ ಎತ್ತಿದರೂ ಕೊನೆಯ ಜಾಗ ನಮ್ಮವರಿಗೇ! ಇದೇ ಆರೋಪ ಅಲ್ವಾ ಮೊದಲ ದಿನ ಬಂದಿದ್ದು? ಈಗ ಸುಳ್ಳು ಆರೋಪ ನಾನೇ ನಿಜ ಮಾಡಿದಂತಾಯಿತು.

ಲೆಕ್ಕದ ಪುಸ್ತಕ

ಹೌದು, ಇದು ನನ್ನ ಉಪಾಯದ ಕೊರತೆ, ಒಪ್ಪಿಕೊಳ್ಳುತ್ತೇನೆ. ಬಿಡಿಬಿಡಿಯಾಗಿ ಕೂರಲೇಬೇಕಾದ ದೊಡ್ಡ ಗುಂಪನ್ನು ಅಂಚಿಗೆ ತಳ್ಳಿದಂತೆ ಆಗುತ್ತದೆ. ಮೊದಲಿನ 46 ಜನರ ಪಟ್ಟಿಯಲ್ಲೂ ಇದಿತ್ತು. 28 ಸಂದಿನಲ್ಲಿ 19 ತುಂಬಿದರೆ ಕೊನೆಯದು ನಿಮ್ಮವರಿಗೆ ಸಿಗೋ ಸಾಧ್ಯತೆ ಮೂರರಲ್ಲಿ ಎರಡರಷ್ಟು. ಸುಮ್ನೆ ಚೀಟಿ ಎತ್ತಿದ್ದರೆ ಅರ್ಧಕ್ಕಿಂತ ಕಡಿಮೆ ಇರುತ್ತಿತ್ತು. ನಾನು ಅದನ್ನು ಹೇಳಬೇಕಿತ್ತು.

ಹೀಗೆ ಮಾಡಿ. ಮೊದಲು ಕೊನೆಯ ಜಾಗಕ್ಕೆ ಮಾತ್ರ 15 ಹೆಸರಿನಿಂದ ಒಂದು ಚೀಟಿ ಎತ್ತಿ. ನಿಮ್ಮವರು ಬಂದರೆ ಬಂತು, ಉಳಿದದ್ದು ಮೊದಲಿನ ಥರ. ಬೇರೆಯವರು ಬಂದರೆ, ಉಳಿದ ಬೇರೆಯವರು 6. ಅವರ ಜೊತೆ ಒಂದು ಖಾಲಿ ಜಾಗವನ್ನೂ ಓಟಗಾರ ಅಂತ ಲೆಕ್ಕಕ್ಕೆ ಸೇರಿಸಿ, 7 ಆಯಿತು, ನಿಮ್ಮ 8 ಜನ ಬಿಡಿಬಿಡಿಯಾಗಿ ಕೂರುತ್ತಾರೆ. ಎರಡು ನಿಮಿಷ ಜಾಸ್ತಿ ಆಗುತ್ತದೆ, ಅಷ್ಟೇ.

ಮುಳ್ಳುಪೊದೆ

ಮತ್ತೆ ಆ ಚೀಟಿ ನೀವು ಎತ್ತಬೇಡಿ. ಬೇರೆ ಕ್ಲಬ್‌ನವರ ಕೈಯಲ್ಲಿ ಎತ್ತಿಸಿ, ಎಲ್ಲರ ಮುಂದೆ.

ಎರಡು ದಿನದ ಓಟಗಾರ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಎರಡು ದಿನದ ಓಟ ಆದರೆ ಎರಡನೇ ದಿನ ಚೀಟಿಯೇ ಬೇಡ, ಚೇಸಿಂಗ್ ಸ್ಟಾರ್ಟ್ ಇಡಿ. ಮೊದಲ ದಿನ ಗೆದ್ದವರು ಮೊದಲು, ಉಳಿದವರು ಎಷ್ಟು ಹಿಂದೆ ಬಿದ್ದಿದ್ದರೋ ಅಷ್ಟೇ ಸೆಕೆಂಡ್ ಆದ ಮೇಲೆ. ಸ್ವೀಡನ್‌ನ ಓ-ರಿಂಗನ್ ಐದು ದಿನದ್ದು, ಅಲ್ಲೂ ಕೊನೆಯ ದಿನ ಹೀಗೇ. ಮೊದಲು ಬಂದವರೇ ಗೆದ್ದವರು, ನೋಡುವವರಿಗೂ ಅರ್ಥ ಆಗುತ್ತದೆ. ಬೆನ್ನು ಹಿಡಿದು ಓಡೋದು ಜಾಸ್ತಿ ಆಗುತ್ತದೆ ಅನ್ನೋದು ನಿಜ, ಅದಕ್ಕೆ ಕೋರ್ಸ್ ಹಾಕುವವರು ಬಟರ್‌ಫ್ಲೈ ಲೂಪ್ (ಒಂದೇ ಕಂಟ್ರೋಲ್‌ನಿಂದ ಹೊರಟು ಅಲ್ಲಿಗೇ ಬರುವ ಸುತ್ತುಗಳು, ಒಬ್ಬೊಬ್ಬರಿಗೆ ಒಂದೊಂದು ಕ್ರಮದಲ್ಲಿ) ಇಟ್ಟು ಜನರನ್ನು ಚದುರಿಸಬೇಕು. ತುಂಬಾ ಹಿಂದೆ ಬಿದ್ದವರನ್ನು ಒಂದು ಗಂಟೆ ಆದ ಮೇಲೆ ನಿಮಿಷಕ್ಕೊಬ್ಬರಂತೆ ಬಿಟ್ಟುಬಿಡಿ, ಇಲ್ಲದಿದ್ದರೆ ಸ್ಟಾರ್ಟ್‌ನವರು ಅಲ್ಲೇ ಬೇರು ಬಿಡುತ್ತಾರೆ.

ಮೊದಲನೇ ಸಲ

ಓಟ ಮುಗಿಯಿತು. ಬಂದು ಹೇಳಬೇಕು ಅನ್ನಿಸಿತು.

ಕೊನೆಯ ಜಾಗದ ಚೀಟಿಯನ್ನು ನನಗೆ ಮೆಸೇಜ್ ಕಳಿಸಿ ಬೈದಿದ್ದವರ ಕೈಯಲ್ಲೇ ಎತ್ತಿಸಿದೆ. ನಮ್ಮ ಕ್ಲಬ್‌ನ ಹೆಸರೇ ಬಂತು! ಅವರು ಚೀಟಿಯನ್ನು ಎರಡು ಸಲ ತಿರುಗಿಸಿ ನೋಡಿ, ಏನೂ ಮಾತಾಡದೆ ಮೇಜಿನ ಮೇಲಿಟ್ಟರು. ಮೂರು ಕೋರ್ಸ್‌ಗೆ ಒಂದೇ ಮೊದಲ ಕಂಟ್ರೋಲ್ ಇತ್ತು, ಪ್ರಿಂಟ್ ಆಗುವ ಮೊದಲೇ ಒಂದನ್ನು ಬದಲಿಸಿದರು. ಅಪ್ಪ ಅಮ್ಮಂದಿರ ಎರಡು ಜೋಡಿಗೆ ಎರಡು ಗಂಟೆ ಅಂತರ ಕೊಟ್ಟೆ. ಗುಂಪುಗಳ ನಡುವಿನ ಖಾಲಿ ಜಾಗ ಕೇಳಿಕೊಂಡು ಮೂವರು ಬಂದರು, ಕೊಡಲಿಲ್ಲ.

ಆದರೂ ಒಂದು ಎಡವಟ್ಟಾಯಿತು. ಅಣ್ಣ ತಮ್ಮ ಇಬ್ಬರು, ಹೆಸರೂ ಒಂದೇ ಥರ. 10:26ರ ಅಣ್ಣನ ಜಾಗದಲ್ಲಿ ತಮ್ಮ ಹೊರಟುಬಿಟ್ಟ, 10:42ರ ತಮ್ಮನ ಜಾಗದಲ್ಲಿ ಅಣ್ಣ. ನಕ್ಷೆ ಒಂದೇ ಕೋರ್ಸ್‌ನದ್ದಾದ್ದರಿಂದ ಸ್ಟಾರ್ಟ್‌ನವರಿಗೂ ಗೊತ್ತಾಗಲಿಲ್ಲ. ಚಿಪ್ ಓದಿಸಿದಾಗ ತಮ್ಮನಿಗೆ ನಿಜವಾಗಿ ಓಡಿದ್ದಕ್ಕಿಂತ 16 ನಿಮಿಷ ಕಡಿಮೆ ಟೈಮ್. ಇದನ್ನು ಹೇಗೆ ಬಗೆಹರಿಸೋದು?

ಹಳೆ ದಿಕ್ಸೂಚಿ

ತಮ್ಮನಿಗೆ ನಿಜವಾಗಿ ಹೊರಟ ಟೈಮ್ ಹಾಕಿ, 10:26. ಹೆಸರು ಕೇಳದೆ ಬಿಟ್ಟಿದ್ದು ನಿಮ್ಮವರ ತಪ್ಪೂ ಹೌದು. ಅಣ್ಣ 16 ನಿಮಿಷ ತಡ ಮಾಡಿದ್ದು ಅವನ ತಪ್ಪು, ಅವನಿಗೂ 10:26ರಿಂದಲೇ.

ಮೊದಲನೇ ಸಲ

ಅಣ್ಣ ಈಗಾಗಲೇ ದೂರು ಬರೆದುಕೊಟ್ಟಿದ್ದಾನೆ ಸರ್. ತಮ್ಮನ ಮೇಲೆ.